ಹೊರದೇಶದ ಆಟಗಾರನ ಕರಾರಿಗೆ ಸಹಿ ಹಾಕೋ ಮುಂಚೆ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ನಮ್ಮ ತುಮಕೂರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್‌ನವರು ಒಂದು ಭಾನುವಾರ ಬೆಳಗ್ಗೆ ಪೂರ್ತಿ ಕಿತ್ತಾಡಿದ್ದೇವೆ. ಹೊರದೇಶದ ಒಬ್ಬ ಒಳ್ಳೆ ಸೆಂಟರ್, ಅಂದರೆ ಬೋರ್ಡಿನ ಕೆಳಗೆ ಆಡೋ ಎತ್ತರದ ಆಟಗಾರ, ಸಿಗೋ ಹಾಗಿದ್ದ, ದುಡ್ಡೂ ಹೇಗೋ ಹೊಂದುತ್ತಿತ್ತು. ಆದರೆ ಅವನ ದೇಶಕ್ಕೂ ನಮ್ಮ ದೇಶಕ್ಕೂ ಅಷ್ಟಕ್ಕಷ್ಟೆ. ‘ಆ ದೇಶದವನಾ? ಬೇಡ ಬಿಡಪ್ಪ, ನಾಳೆ ಏನಾದ್ರೂ ಆದ್ರೆ’ ಅಂತ ಖಜಾಂಚಿ. ‘ಆಟಕ್ಕೂ ಅದಕ್ಕೂ ಏನ್ ಸಂಬಂಧ’ ಅಂತ ಕೋಚ್. ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಸಂಬಂಧ ಇದೆ, ಆದರೆ ಅದು ಪೇಪರಿನ ಮುಖಪುಟದಲ್ಲಿ ಇರೋದಿಲ್ಲ, ಕರಾರಿನ ಮೂರ್ನಾಲ್ಕು ಸಾಲುಗಳಲ್ಲಿ ಇರುತ್ತದೆ.

ಮೊದಲು ಕೇಳಬೇಕಾದ್ದು, ತಡೆಯೋರು ಯಾರು ಅಂತ. ‘ಎರಡೂ ದೇಶಕ್ಕೆ ಸರಿಯಿಲ್ಲ’ ಅಂದರೆ ಏನೂ ಹೇಳಿದ ಹಾಗಾಗಲ್ಲ. ಕಾನೂನು ತಡೆಯುತ್ತಾ, ಅವನ ದೇಶವೇ ಬಿಡಲ್ವಾ, ಇಲ್ಲಿನ ರಾಜಕೀಯ ಅಡ್ಡ ಬರುತ್ತಾ, ಇಲ್ಲ ಸ್ಪಾನ್ಸರ್ ಕೈ ಎತ್ತುತ್ತಾನಾ? ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಕಾನೂನಿನ ತಡೆ ಕೇಳೋಕೆ ಭಯ, ಆದರೆ ಎಷ್ಟೋ ಸಲ ಅದೇ ಸುಲಭ. 2008ರಲ್ಲಿ ಇರಾನಿನ ಹಮೇದ್ ಹದ್ದಾದಿ ಅಮೆರಿಕಕ್ಕೆ ಆಡಲು ಬಂದಾಗ, ಅಲ್ಲಿನ ಕಾನೂನಿನ ಪ್ರಕಾರ ಅವರ ಜೊತೆ ವ್ಯವಹಾರ ಮಾಡುವಂತಿಲ್ಲ ಅಂತ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ 30 ತಂಡಗಳಿಗೂ ಪತ್ರ ಬರೆಯಿತು. ಆಮೇಲೆ ಲೀಗೇ ಸರ್ಕಾರದಿಂದ ಲೈಸೆನ್ಸ್ ತಂದಿತು, ಮೆಂಫಿಸ್ ಗ್ರಿಜ್ಲೀಸ್ ಅವರನ್ನು ಸೇರಿಸಿಕೊಂಡಿತು. ಕಾಗದದಿಂದ ಬಂದ ತೊಡಕು ಕಾಗದದಲ್ಲೇ ಹೋಯಿತು.

ಅವನ ದೇಶವೇ ಬಿಡದಿದ್ದರೆ ಮಾತ್ರ ಕಾಯೋದೇ ಕೆಲಸ. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಲಿಥುವೇನಿಯಾದ ಅರ್ವಿದಾಸ್ ಸಬೋನಿಸ್ ಅವರನ್ನು ಎನ್‌ಬಿಎಯ ಪೋರ್ಟ್‌ಲ್ಯಾಂಡ್ ತಂಡ ಆರಿಸಿಕೊಂಡಿದ್ದು 1986ರಲ್ಲಿ. ಮೊದಲು ಸೋವಿಯತ್ ಸರ್ಕಾರ ಬಿಡಲಿಲ್ಲ, ಆಮೇಲೆ ಅವರು ಸ್ಪೇನಿಗೆ ಹೋದರು, ಕೊನೆಗೆ ಪೋರ್ಟ್‌ಲ್ಯಾಂಡಿಗೆ ಬಂದಿದ್ದು 1995ರಲ್ಲಿ. ಮೊಣಕಾಲು, ಹಿಮ್ಮಡಿ ಎಲ್ಲಾ ಸವೆದ ಮೇಲೆ.

ಮೂರನೆಯದು, ಇಲ್ಲಿನ ರಾಜಕೀಯದ ತಡೆ, ನಮ್ಮ ಕಡೆಯೇ ನಡೆದಿದೆ. 2013ರ ಐಪಿಎಲ್‌ನಲ್ಲಿ ಶ್ರೀಲಂಕಾ ಆಟಗಾರರು ಚೆನ್ನೈ ಪಂದ್ಯಗಳಲ್ಲಿ ಆಡುವಂತಿಲ್ಲ ಅಂತಾಯಿತು. ವೀಸಾ ಇತ್ತು, ಕರಾರು ಇತ್ತು, ಕೇಂದ್ರ ಸರ್ಕಾರದ ನಿಷೇಧ ಏನೂ ಇರಲಿಲ್ಲ, ಆದರೂ ಚೆನ್ನೈ ತಂಡದಲ್ಲೇ ಇದ್ದ ನುವಾನ್ ಕುಲಶೇಖರ ತಂಡದ ತವರಿನ ಮೈದಾನಕ್ಕೆ ಇಳಿಯೋ ಹಾಗಿರಲಿಲ್ಲ. ಹಾಗಾಗಿ ‘ಆಡಬಹುದಾ’ ಅಂತ ಕೇಳಿ ಸುಮ್ಮನಾಗಬೇಡಿ. ಯಾವ ಊರಲ್ಲಿ ಆಡಬಹುದು, ಎಷ್ಟು ಪಂದ್ಯ ಕೈತಪ್ಪಬಹುದು ಅಂತ ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಸಂಬಳ ಮಾತಾಡಿ.

ದುಡ್ಡಿನ ತಡೆಗೆ ಆಟಗಾರನೇ ಬೇಕಂತಿಲ್ಲ. 2019ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಜನರಲ್ ಮ್ಯಾನೇಜರ್ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಬಗ್ಗೆ ಒಂದು ಟ್ವೀಟ್ ಹಾಕಿದ್ದಕ್ಕೆ ಚೀನಾದ ಸರ್ಕಾರಿ ಟಿವಿ ಎನ್‌ಬಿಎ ಪಂದ್ಯಗಳನ್ನೇ ನಿಲ್ಲಿಸಿತು, ಮತ್ತೆ ತೋರಿಸೋಕೆ ಒಂದು ವರ್ಷ ತಗೊಂಡಿತು. ನಮ್ಮ ಸ್ಪಾನ್ಸರ್ ಅಂದರೆ ಬಿ.ಎಚ್. ರಸ್ತೆಯ ಒಂದು ಟೈಲ್ಸ್ ಅಂಗಡಿ, ಸರಿ. ಆದರೂ ಅವರನ್ನು ಮೊದಲೇ ಕೇಳಿ. ಬ್ಯಾನರ್ ಪ್ರಿಂಟ್ ಆದ ಮೇಲೆ ಕೇಳಿದರೆ ಮುಖ ಬೇರೆ ಥರ ಇರುತ್ತದೆ.

ಇದಾದ ಮೇಲೆ ಪಾಸ್‌ಪೋರ್ಟ್ ಜೆರಾಕ್ಸ್ ಇಸ್ಕೊಳ್ಳಿ. ಎಲ್ಲರೂ ನೋಡೋದು ಯಾವ ದೇಶದ್ದು ಅಂತ ಮಾತ್ರ. ಹುಟ್ಟಿದ ಊರು ನೋಡಿ, ಅಪ್ಪ ಅಮ್ಮನ ಮೂಲ ಕೇಳಿ. ಶೋಯೆಬ್ ಬಶೀರ್ ಇಂಗ್ಲೆಂಡಿನಲ್ಲೇ ಹುಟ್ಟಿದ ಸ್ಪಿನ್ನರ್, ಮನೆಯವರ ಮೂಲ ಪಾಕಿಸ್ತಾನ. 2024ರ ಜನವರಿಯಲ್ಲಿ ವೀಸಾ ತಡವಾಗಿ ಹೈದರಾಬಾದ್ ಟೆಸ್ಟ್ ತಪ್ಪಿಸಿಕೊಂಡರು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಗೇ ಹೀಗಾದರೆ ನಮ್ಮ ಲೆಟರ್‌ಹೆಡ್‌ಗೆ ಎಷ್ಟು ಬೆಲೆ, ನೀವೇ ಹೇಳಿ.

ವೀಸಾ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದ ಆಫ್ರಿಕಾದ ಒಬ್ಬ ಹುಡುಗ ಸಂಜೆ ಪ್ರಾಕ್ಟೀಸಿಗೆ ಬರೋನು. ಬೋರ್ಡಿನ ಕೆಳಗೆ ನಿಂತರೆ ಅವನನ್ನು ದಾಟಿ ಬಾಲ್ ಹೋಗುತ್ತಿರಲಿಲ್ಲ. ಹೊನಲು ಬೆಳಕಿನ ಟೂರ್ನಮೆಂಟಿಗೆ ಕರೆದುಕೊಂಡು ಹೋಗಿ, ಒಂದು ಪಂದ್ಯಕ್ಕೆ ಇಷ್ಟು ಅಂತ ಕವರಲ್ಲಿ ಕೊಟ್ಟೆವು. ಸೆಮಿಫೈನಲ್ ದಿನ ಎದುರಾಳಿ ತಂಡದವರು ಟೇಬಲ್ ಹತ್ತಿರ ಬಂದು ‘ಸ್ಟೂಡೆಂಟ್ ವೀಸಾದವನಿಗೆ ದುಡ್ಡು ಕೊಟ್ಟು ಆಡಿಸ್ತಿದ್ದೀರಾ’ ಅಂದರು. ಅವರು ಹೇಳಿದ್ದು ಸರಿ ಇತ್ತು. ಆ ವೀಸಾದಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ, ಕ್ಲಬ್ ಕರಾರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ನಾವು ಬೈಸಿಕೊಂಡು ಮನೆಗೆ ಬಂದೆವು. ಆ ಹುಡುಗ ಮಾತ್ರ ಒಂದು ವಾರ ನಿದ್ದೆ ಮಾಡಲಿಲ್ಲ, ಎಲ್ಲಿ ವಾಪಸ್ ಕಳಿಸಿಬಿಡ್ತಾರೋ ಅಂತ. ಯಾವತ್ತೂ ಹೀಗೇ, ತಪ್ಪು ಕ್ಲಬ್ಬಿನದಾದರೂ ಭಯ ಪಡೋದು ಅವನೇ. ಅವತ್ತಿನಿಂದ ಕರಾರು ಬರೆಯುವಾಗ ನಾನು ಸಂಬಳದ ಸಾಲು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಬರೆಯೋದು, ಮುರಿದರೆ ಏನು ಅಂತ. ವೀಸಾ ಮತ್ತು ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಲೆಟರ್ ಆಫ್ ಕ್ಲಿಯರೆನ್ಸ್ ಎರಡೂ ಕೈಗೆ ಬರೋವರೆಗೂ ಕರಾರು ಜಾರಿಗೆ ಬರಲ್ಲ ಅಂತ ಬರೆಯಿರಿ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಆಡಲು ಹೋಗೋನಿಗೆ ಆ ಕ್ಲಿಯರೆನ್ಸ್ ಬೇಕೇ ಬೇಕು, ಅದಕ್ಕೆ ಅವನು ಬಿಟ್ಟು ಬರುವ ದೇಶದ ಫೆಡರೇಶನ್ ಒಪ್ಪಬೇಕು. ಎಷ್ಟು ದಿನ ಕಾಯ್ತೀರಿ ಅಂತ ತಾರೀಖು ಹಾಕಿ. ಬಂದ ಮೇಲೆ ಸರ್ಕಾರದ ಆದೇಶದಿಂದ ಆಟ ನಿಂತರೆ ಅಲ್ಲಿವರೆಗಿನ ಸಂಬಳ, ಜೊತೆಗೆ ಒಂದೆರಡು ತಿಂಗಳದ್ದು, ವಾಪಸ್ ಟಿಕೆಟ್ ಕ್ಲಬ್ಬಿನದೇ. ಜಾಸ್ತಿ ಆಯ್ತು ಅಂತ ಖಜಾಂಚಿ ಗೊಣಗುತ್ತಾರೆ, ಗೊಣಗಲಿ.

ಅವನ ದೇಶದ ತಂಡ ಕರೆದರೆ ಕಳಿಸ್ತೀರಾ ಅನ್ನೋದನ್ನೂ ಈಗಲೇ ತೀರ್ಮಾನ ಮಾಡಿ. ಎನ್‌ಬಿಎ ಸೇರಿದ ಮೊದಲ ಚೀನೀ ಆಟಗಾರ ವಾಂಗ್ ಜಿಜಿ, 2002ರಲ್ಲಿ ಚೀನಾ ಕರೆದಾಗ ವಾಪಸ್ ಹೋಗದೆ ರಾಷ್ಟ್ರೀಯ ತಂಡದಿಂದಲೇ ಹೊರಬಿದ್ದರು, ಊರಿಗೆ ಮರಳಿದ್ದು 2006ರಲ್ಲಿ. ಕ್ಲಬ್ಬಿನ ನಾಲ್ಕು ಪಂದ್ಯಕ್ಕೋಸ್ಕರ ಯಾರನ್ನೂ ಆ ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಬಾಯಿ ಮುಚ್ಚಿಸೋ ಷರತ್ತು ಇಡಬೇಕಾ ಅಂತ ತುಂಬ ಜನ ಕೇಳ್ತಾರೆ. 2021ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ಎನೆಸ್ ಕಾಂಟರ್ ಟಿಬೆಟ್ ಪರ ಮಾತಾಡಿದ ಕೂಡಲೇ ಚೀನಾದಲ್ಲಿ ಪಂದ್ಯಗಳನ್ನು ಆನ್‌ಲೈನಿನಲ್ಲಿ ತೋರಿಸೋ ಟೆನ್ಸೆಂಟ್‌ನಲ್ಲಿ ಆ ತಂಡದ ಪಂದ್ಯಗಳು ಮಾಯವಾದವು. ನಾನಂತೂ ಪೂರ್ತಿ ನಿಷೇಧ ಬರೆಯಲ್ಲ. ಕ್ಲಬ್ ಜೆರ್ಸಿ ಹಾಕಿಕೊಂಡು, ಕ್ಲಬ್ ಪೇಜಿನಲ್ಲಿ ರಾಜಕೀಯ ಬೇಡ, ಅಷ್ಟೇ. ಉಳಿದದ್ದು ಅವನ ಇಷ್ಟ. ಇನ್ನೊಂದು, ಅವನ ಸರ್ಕಾರ ಮಾಡಿದ್ದಕ್ಕೆ ಅವನ ಹತ್ತಿರ ಮೈಕ್ ಹಿಡಿದು ಉತ್ತರ ಕೇಳಬೇಡಿ.

ಇನ್ನು ದುಡ್ಡು. ಏಜೆಂಟ್ ಹೇಳೋ ಮೊತ್ತ ಕೈಗೆ ಸಿಗೋದಾ, ತೆರಿಗೆ ಸೇರಿಸಿದ್ದಾ ಅಂತ ಕೇಳಿ. ಇಲ್ಲಿ ವಾಸಿಯಲ್ಲದ ವಿದೇಶಿ ಆಟಗಾರನಿಗೆ ಒಟ್ಟು ಮೊತ್ತದ ಮೇಲೇ ಶೇ. 20 ತೆರಿಗೆ, ಸೆಸ್ ಸೇರಿ 20.8. ಕೈಗೆ 1 ಲಕ್ಷ ಕೊಡ್ತೀವಿ ಅಂತ ಒಪ್ಪಿಕೊಂಡರೆ ಕ್ಲಬ್ಬಿನಿಂದ ಹೋಗೋದು ಸುಮಾರು 1,26,000. ಈ ಲೆಕ್ಕ ಮಾಡದೆ ಸಹಿ ಹಾಕಬೇಡಿ. ಜಗಳ ಬಂದರೆ ಎಲ್ಲಿ ತೀರ್ಮಾನ ಅಂತಾನೂ ಓದಿ, ಏಜೆಂಟರ ಕರಾರಿನಲ್ಲಿ ಹೆಚ್ಚಾಗಿ ಜಿನೀವಾದ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ಅಂದರೆ ಇಂಥ ಜಗಳ ಬಗೆಹರಿಸೋ ಮಧ್ಯಸ್ಥಿಕೆ ಪೀಠ, ಅಂತಿರುತ್ತೆ.

ಬಂದಿಳಿದ ಮೇಲೆ ಮನೆ ಓನರ್‌ಗೆ ಹೇಳಿಡಿ, ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು, ಫಾರ್ಮ್ ಸಿ ಅಂತ ಎಲ್ಲರೂ ಕರೆಯೋದು ಅದನ್ನೇ. ಆರು ತಿಂಗಳಿಗಿಂತ ಜಾಸ್ತಿ ವೀಸಾ ಆದರೆ 14 ದಿನದೊಳಗೆ ನೋಂದಣಿ ಬೇರೆ. ಎಲ್ಲದರ ಜೆರಾಕ್ಸ್ ಎರಡೆರಡು ಸೆಟ್ ಮಾಡಿಸಿ, ಒಂದು ಅವನ ಹತ್ತಿರ ಇರಲಿ, ಪಾಸ್‌ಪೋರ್ಟ್ ಮಾತ್ರ ನೀವು ಇಟ್ಟುಕೊಳ್ಳಬೇಡಿ.

ಹೋಗೋ ದಿನ ಬಂದರೆ, ಕರಾರು ಮುಗಿದೋ ಮುರಿದೋ, ನೀವೇ ಬಿಟ್ಟು ಬನ್ನಿ. ತುಮಕೂರಿನಿಂದ ಏರ್‌ಪೋರ್ಟಿಗೆ ಬೆಂಗಳೂರೊಳಗೆ ನುಗ್ಗೋದು ಬೇಡ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಉದ್ದ ಕಾಲಿನವನು, ಮುಂದಿನ ಸೀಟು ಅವನಿಗೇ ಬಿಡಿ.