ಕೈವಾರದ ಸಂಗೀತೋತ್ಸವಕ್ಕೆ ನಾವು ಗಂಟುಮೂಟೆ ಕಟ್ಟುವ ಬಗೆ

ಗುರುಪೂರ್ಣಿಮೆ ಹತ್ತಿರ ಬಂತು ಅಂದರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಟೆಂಟ್ ಕೆಳಗಿಳಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣ ಮಠದ ಗುರುಪೂಜಾ ಸಂಗೀತೋತ್ಸವ ನಡೆಯುವುದು ಆಗಲೇ. ಮೂರು ದಿನ, 72 ಗಂಟೆ, ಹಗಲು ರಾತ್ರಿ ಸಂಗೀತ ನಿಲ್ಲುವುದಿಲ್ಲ. ಒಬ್ಬರು ಮುಗಿಸಿ ಏಳುವ ಹೊತ್ತಿಗೆ ಇನ್ನೊಬ್ಬರು ಶ್ರುತಿ ಸೇರಿಸಿಕೊಂಡಿರುತ್ತಾರೆ. ಕೈವಾರ ತಾತಯ್ಯ ಅಂತಲೇ ಜನ ಕರೆಯುವ ಯೋಗಿ ನಾರೇಯಣರ ಕೀರ್ತನೆ, ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಕೇಳಬಹುದು. ಬಳೆ ಮಲಾರ ಹೊತ್ತು ಊರೂರು ತಿರುಗಿದವರ ಪದಗಳು ಅವು. ನಮ್ಮ ಅತ್ತೆಗೆ ಬಹಳಷ್ಟು ಬಾಯಿಗೇ ಬರುತ್ತವೆ.

ನಮ್ಮದು ಶಿಡ್ಲಘಟ್ಟ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾದ ದೂರವೇ. ಆದರೆ ಹಾಗೆ ಹೋದರೆ ರಾತ್ರಿಯ ಸಂಗೀತ ಸಿಗುವುದಿಲ್ಲ. ನನಗಂತೂ ಇಡೀ ಉತ್ಸವದ ಸಾರ ಇರುವುದು ರಾತ್ರಿಯಲ್ಲೇ. ಜನ ಕಡಿಮೆಯಾಗಿರುತ್ತಾರೆ, ಹಾಡುವವರಿಗೆ ಅವಸರ ಇರುವುದಿಲ್ಲ, ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತದೆ. ಆದ್ದರಿಂದ ನಾವು ಉಳಿಯುತ್ತೇವೆ. ಅತ್ತೆಯ ತಮ್ಮನ ಮಾವಿನ ತೋಪು ಊರಿನ ಹತ್ತಿರವೇ ಇದೆ, ಅಲ್ಲಿ ಟೆಂಟ್ ಹಾಕುತ್ತೇವೆ. "ಮನೇಲಿ ಜಾಗ ಇದೆಯಲ್ಲಮ್ಮ, ತೋಪಲ್ಲಿ ಯಾಕೆ ಮಲಗ್ತೀರಾ?" ಅಂತ ತೋಪಿನ ಮಾವ ಪ್ರತಿ ಸಲ ಕೇಳುತ್ತಾರೆ. ಆ ದಿನಗಳಲ್ಲಿ ಅವರ ಮನೆ ತುಂಬ ನೆಂಟರು. ಅದರ ಮೇಲೆ ನಾವು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹೋಗುವವರು, ಬರುವವರು. ಬಾಗಿಲು ತೆಗೆಸಿ ಎಲ್ಲರ ನಿದ್ದೆ ಕೆಡಿಸುವುದಕ್ಕಿಂತ ತೋಪೇ ವಾಸಿ ಅಲ್ವಾ?

ನಾವು ಐದು ಜನ. ನಾನು, ನಮ್ಮ ಮನೆಯವರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, ಮೂರನೇ ಕ್ಲಾಸಿನ ಮಗ. ಸಾಮಾನು ಕಟ್ಟುವ ಜವಾಬ್ದಾರಿ ನನ್ನದು. ಏನೇನು ಬೇಕು ಅಂತ ಪಟ್ಟಿ ಬರೆಯುತ್ತಾ ಕೂತರೆ ಸಾಮಾನು ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಬೆಳಗಿನ ಜಾವ ಮೂರು ಗಂಟೆಗೆ ನಮ್ಮಲ್ಲಿ ಇಬ್ಬರು ವೇದಿಕೆ ಎದುರು ನೆಮ್ಮದಿಯಾಗಿ ಕೂತಿರಬೇಕು, ಉಳಿದವರು ಬೆಚ್ಚಗೆ ಮಲಗಿರಬೇಕು. ಅದಕ್ಕೆ ಏನು ಬೇಕು? ಈ ಪ್ರಶ್ನೆಗೆ ಉತ್ತರವಾಗದ ವಸ್ತು ಮನೆಯಲ್ಲೇ ಉಳಿಯುತ್ತದೆ.

ಹಾಗಾಗಿ ನಮ್ಮ ಸಾಮಾನು ಎರಡು ಭಾಗ. ಒಂದು ಕೂರುವವರ ಚೀಲ, ಇನ್ನೊಂದು ಮಲಗುವವರ ಮೂಟೆ. ಇವೆರಡನ್ನೂ ಬೆರೆಸುವುದಿಲ್ಲ. ಕೂರುವವರ ಚೀಲ ಸಂಗೀತದ ಜಾಗಕ್ಕೂ ಟೆಂಟಿಗೂ ಓಡಾಡುತ್ತಲೇ ಇರುತ್ತದೆ. ಪಾಳಿ ಬದಲಾದಾಗ ಎದ್ದು ಬರುವವರು ಅದನ್ನು ಹೋಗುವವರ ಹೆಗಲಿಗೆ ಹಾಕುತ್ತಾರೆ. ಕತ್ತಲಲ್ಲಿ ಯಾರೂ ಏನನ್ನೂ ಹುಡುಕಬೇಕಾಗಿಲ್ಲ. ನಮ್ಮ ಪಾಳಿ ಹೀಗಿದೆ: ಮಧ್ಯರಾತ್ರಿವರೆಗೆ ಎಲ್ಲರೂ ಕೂರುತ್ತೇವೆ, ನಿದ್ದೆ ಬಂದರೆ ಮಗ ತೊಡೆ ಮೇಲೆ. ಆಮೇಲೆ ಮೂರರವರೆಗೆ ನಾನು ಮತ್ತು ಮಗಳು. ಮೂರಕ್ಕೆ ಅತ್ತೆ ಎದ್ದೇ ಇರುತ್ತಾರೆ, ಮನೆಯಲ್ಲೂ ಅವರು ಏಳುವುದು ಹೆಚ್ಚುಕಡಿಮೆ ಆ ಹೊತ್ತಿಗೇ. ಅವರ ಜೊತೆ ನಮ್ಮ ಮನೆಯವರು ಹೋಗುತ್ತಾರೆ. ಇದರಿಂದ ಇನ್ನೊಂದು ಅನುಕೂಲ ಇದೆ. ನಾಲ್ಕು ಜನರ ಟೆಂಟ್ ಅಂತ ಅಂಗಡಿಯಲ್ಲಿ ಹೇಳುವುದರಲ್ಲಿ ಸಾಮಾನಿನ ಜೊತೆ ಸರಿಯಾಗಿ ಮಲಗಲು ಆಗುವುದು ಮೂರೇ ಜನ. ಇಬ್ಬರು ಯಾವಾಗಲೂ ಸಂಗೀತಕ್ಕೆ ಹೋಗಿರುವುದರಿಂದ ನಮಗೆ ಅದೇ ಸಾಕು. ಎರಡನೇ ಟೆಂಟ್ ಬೇಕಾಗಿಲ್ಲ.

ಕೂರುವವರ ಚೀಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಟೆಂಟಿನ ಬಗ್ಗೆ ಯೋಚಿಸುವಷ್ಟು ಇದರ ಬಗ್ಗೆ ಯೋಚಿಸುವುದಿಲ್ಲ. ಅರ್ಧ ಗಂಟೆ ಎಲ್ಲಿ ಬೇಕಾದರೂ ಕೂರಬಹುದು. ಮೂರು ಗಂಟೆ ಕೂರುವಾಗ ನೆಲದ ತಂಪು ಸೊಂಟಕ್ಕೆ ಏರುತ್ತದೆ, ಕಾಲು ಜೋಮು ಹಿಡಿಯುತ್ತದೆ, ಆಗ ಮನಸ್ಸು ಹಾಡಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಮೊದಲು ಹಾಕುವುದು ಒಂದು ದಪ್ಪ ಜಮಖಾನೆ. ಅದರ ಕೆಳಗೆ ಹಾಸಲು ಮಡಿಸಿದ ಪ್ಲಾಸ್ಟಿಕ್ ಹಾಳೆ. ಆಮೇಲೆ ಎರಡು ಗಟ್ಟಿ ದಿಂಬು. ಚಕ್ಕಮಕ್ಕಳ ಹಾಕಿ ಕೂತಾಗ ದಿಂಬಿನ ಅಂಚಿನ ಮೇಲೆ ಕೂತರೆ ಸೊಂಟ ನಾಲ್ಕು ಬೆರಳು ಮೇಲೇಳುತ್ತದೆ, ಮಂಡಿ ಕೆಳಗಿಳಿಯುತ್ತದೆ, ಬೆನ್ನು ತಾನಾಗಿ ನೇರ ಆಗುತ್ತದೆ. ಸಂಗೀತ ಕಲಿಯುವ ಮಗಳಿಗೆ ಅವಳ ಟೀಚರ್ ಹೇಳಿಕೊಟ್ಟಿದ್ದು ಇದು. ಅತ್ತೆಗೆ ಮಂಡಿನೋವು, ಅವರಿಗೆ ಮಡಿಸುವ ಕುರ್ಚಿ. ಕುರ್ಚಿ ಇದ್ದರೆ ಪಕ್ಕದ ಅಂಚಿನಲ್ಲಿ ಕೂರಬೇಕು, ಹಿಂದೆ ನೆಲದ ಮೇಲೆ ಕೂತವರಿಗೆ ವೇದಿಕೆ ಕಾಣಬೇಕಲ್ಲ.

ಇನ್ನು ಕಂಬಳಿ. ಆಷಾಢದಲ್ಲಿ ನಮ್ಮ ಕಡೆ ದೊಡ್ಡ ಮಳೆ ಕಡಿಮೆ, ಗಾಳಿ ಜಾಸ್ತಿ. ಪುನರ್ವಸು ಮಳೆ ಅಂದರೆ ಹನಿ ಹನಿ ಜಿನುಗು, ಅದನ್ನು ಗಾಳಿ ಅಡ್ಡಡ್ಡ ಹೊಡೆದುಕೊಂಡು ಬರುತ್ತದೆ. ರಾತ್ರಿ 19-20 ಡಿಗ್ರಿ ಇರುತ್ತದೆ, ಅದು ಚಳಿಯೇ ಅಲ್ಲ ಅನ್ನಿಸಬಹುದು. ಆದರೆ ಆ ಗಾಳಿಯಲ್ಲಿ ಅಲ್ಲಾಡದೆ ಕೂತವರಿಗೆ ಹಲ್ಲು ಕಟಕಟ ಅನ್ನುತ್ತದೆ. ಶಾಲು, ಸ್ವೆಟರ್, ಜರ್ಕಿನ್ ಎಲ್ಲವನ್ನೂ ನೋಡಿದ್ದೇನೆ, ಕುರಿ ಉಣ್ಣೆಯ ಕರಿ ಕಂಬಳಿಗೆ ಯಾವುದೂ ಸಮ ಇಲ್ಲ. ಜಿನುಗು ಬಿದ್ದರೆ ಹನಿ ಉಣ್ಣೆಯ ಕೂದಲ ತುದಿಯಲ್ಲೇ ಮಣಿಯ ಹಾಗೆ ನಿಲ್ಲುತ್ತದೆ. ಕೊಡವಿದರೆ ಉದುರುತ್ತದೆ, ಒಳಗೆ ಬೆಚ್ಚಗೇ ಇರುತ್ತದೆ. ಸ್ವಲ್ಪ ನೆನೆದರೂ ಉಣ್ಣೆ ಬಿಸಿ ಬಿಡುವುದಿಲ್ಲ, ಹತ್ತಿ ಬಟ್ಟೆ ಹಾಗಲ್ಲ. ದಾರಿಯಲ್ಲಿ ನಡೆಯುವಾಗ ಒಂದು ಮೂಲೆ ಒಳಗೆ ಮಡಚಿ ತಲೆ ಮೇಲೆ ಕೊಪ್ಪೆ ಹಾಕಿಕೊಂಡರೆ ಎರಡೂ ಕೈ ಖಾಲಿ. ಕೊಡೆ ಹಿಡಿದರೆ ಆಷಾಢದ ಗಾಳಿ ಅದನ್ನು ತಿರುಚಿ ಹಾಕುತ್ತದೆ. ನಮ್ಮಲ್ಲಿರುವ ಎರಡೂ ಚಳ್ಳಕೆರೆ ಕಡೆಯವು. ಚರ್ಮಕ್ಕೆ ಚುಚ್ಚುತ್ತದೆ ಅಂತ ಮಗ ಗೊಣಗುತ್ತಾನೆ, ಅವನಿಗೆ ಒಳಗೊಂದು ಹಳೇ ಕಾಟನ್ ಸೀರೆ ಹೊದಿಸುತ್ತೇನೆ.

ಮಕ್ಕಳ ಕಿವಿ ಬಗ್ಗೆ ನಾನು ತುಂಬ ಹುಷಾರು. ಶಾಸ್ತ್ರೀಯ ಸಂಗೀತ ಆದರೂ ಸ್ಪೀಕರ್ ಸ್ಪೀಕರೇ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ ಬರೀ 15 ನಿಮಿಷ. ಅದು ದೊಡ್ಡವರ ಲೆಕ್ಕ, ಮಕ್ಕಳಿಗೆ ಇನ್ನೂ ಕಡಿಮೆಯೇ ಇರಲಿ ಅನ್ನುವುದು ನನ್ನ ನಿಲುವು. ಅದಕ್ಕೆ ಸ್ಪೀಕರ್ ಕಂಬದ ನೇರಕ್ಕೆ ಕೂರುವುದಿಲ್ಲ. ಜಾಗ ಹಿಡಿಯುವ ಮುಂಚೆ ನಾನು ಅಲ್ಲೇ ನಿಂತು ಪಕ್ಕದವರ ಜೊತೆ ಮಾತಾಡಿ ನೋಡುತ್ತೇನೆ. ದನಿ ಏರಿಸದೆ ಮಾತು ಕೇಳಿದರೆ ಜಮಖಾನೆ ಹಾಸುವುದು. ಮಗನಿಗೆ ಕಿವಿ ಮುಚ್ಚುವ ಇಯರ್‌ಮಫ್ ಒಂದು ಚೀಲದಲ್ಲಿ ಇದ್ದೇ ಇರುತ್ತದೆ. ಡೋಲು ನಾಗಸ್ವರದ ಹೊತ್ತಿಗೆ ಅದು ಹಾಕಿಕೊಂಡೂ ಅವನು ತಲೆ ಆಡಿಸುತ್ತಿರುತ್ತಾನೆ. ಕಿವಿಗೆ ಹತ್ತಿ ತುರುಕಿದರೆ ಸದ್ದು ಅಷ್ಟೇನೂ ತಗ್ಗುವುದಿಲ್ಲ, ಅದನ್ನು ನಂಬಬೇಡಿ.

ಚೀಲದ ಉಳಿದ ಸಾಮಾನು ಚಿಕ್ಕವು. ಒಂದು ಫ್ಲಾಸ್ಕ್, ನೀರಿನ ಬಾಟಲಿ, ಟಾರ್ಚ್, ಒಂದು ಡಬ್ಬಿ ಹುರಿಗಡಲೆ ಬೆಲ್ಲ, ಮಗಳ ನೋಟ್‌ಬುಕ್. ಚಪ್ಪಲಿ ಹಾಕಲು ಒಂದು ಬಟ್ಟೆಯ ಕೈಚೀಲ, ಇದನ್ನು ಮಾತ್ರ ಮರೆಯಬೇಡಿ. ಸಾವಿರಾರು ಚಪ್ಪಲಿ ನಡುವೆ ನಡುರಾತ್ರಿ ನಿಮ್ಮ ಜೋಡಿ ಹುಡುಕುವ ಕೆಲಸ ಬೇಡ. ಬಿಸ್ಕತ್ತು, ಚಿಪ್ಸ್ ಪೊಟ್ಟಣ ಹಾಕುವುದಿಲ್ಲ. ಆಲಾಪನೆ ನಡೆಯುವಾಗ ಆ ಪರಪರ ಸದ್ದು ಹತ್ತು ಜನಕ್ಕೆ ತೊಂದರೆ.

ಈಗ ಮಲಗುವವರ ಮೂಟೆ. ಇದರಲ್ಲಿ ಮೊದಲ ವಸ್ತು ಪೊರಕೆ. ನಗಬೇಡಿ. ಜುಲೈನಲ್ಲಿ ನಮ್ಮ ತೋಪುಗಳಲ್ಲಿ ತೋತಾಪುರಿ, ನೀಲಂ ಇನ್ನೂ ಮರದಲ್ಲಿ ಇರುತ್ತವೆ. ಬಿದ್ದ ಹಣ್ಣಿಗೆ ಇರುವೆ, ನೊಣ ಮುತ್ತುತ್ತವೆ. ಒಣಗಿದ ಎಲೆ ಕೆಳಗೆ ಚೇಳು ಇರಬಹುದು. ಹಗಲಿನಲ್ಲೇ ಟೆಂಟಿನ ಸುತ್ತ ಎರಡು ಮಾರು ಅಗಲ ಗುಡಿಸಿ, ಕೆಂಪು ನೆಲ ಕಾಣುವ ಹಾಗೆ ಮಾಡಿದರೆ ಅರ್ಧ ಭಯ ಹೋದ ಹಾಗೆ. ಮರದ ಬುಡದಲ್ಲಿ ಟೆಂಟ್ ಹಾಕುವುದಿಲ್ಲ, ಗಾಳಿಗೆ ಕೊಂಬೆ ಮುರಿಯುತ್ತದೆ. ಎರಡು ಸಾಲಿನ ನಡುವಿನ ಬಯಲು ಜಾಗ, ಸ್ವಲ್ಪ ಎತ್ತರ ಇರುವ ಕಡೆ ಸರಿ. ಬಾಗಿಲು ಪೂರ್ವಕ್ಕೆ, ಆಷಾಢದ ಗಾಳಿ ಬರುವುದು ಪಡುವಣದಿಂದ.

ಟೆಂಟಿನ ಜೊತೆ ಬರುವ ಗೂಟಗಳು ತೆಳ್ಳಗೆ, ಕಡ್ಡಿ ಹಾಗೆ. ನಮ್ಮ ಕೆಂಪು ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಹಿಡಿತವೇ ಇಲ್ಲ. ಅದಕ್ಕೆ ಊರಿನ ಕುಲುಮೆಯಲ್ಲಿ ಕಟ್ಟಡಕ್ಕೆ ಬಳಸುವ ಸರಳನ್ನು ಒಂದೊಂದು ಅಡಿಗೆ ಕತ್ತರಿಸಿ, ತಲೆ ಬಗ್ಗಿಸಿ, ತುದಿ ಚೂಪು ಮಾಡಿಸಿಕೊಂಡೆವು. ಹೊಡೆಯುವಾಗ ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ನೇರ ಹೊಡೆದರೆ ಹಗ್ಗ ಎಳೆದಾಗ ಕಿತ್ತು ಬರುತ್ತದೆ. ಪಡುವಣದ ಕಡೆ ಎರಡು ಹಗ್ಗ ಹೆಚ್ಚಿಗೆ ಕಟ್ಟುತ್ತೇವೆ, ಹಗ್ಗಕ್ಕೆ ಬಿಳಿ ಬಟ್ಟೆ ಚೂರು ಸುತ್ತುತ್ತೇವೆ. ರಾತ್ರಿ ಮೂರಕ್ಕೆ ಬರುವವರ ಕಾಲು ಸಿಕ್ಕಿಕೊಳ್ಳಬಾರದು.

ಕೆಳಗೆ ಹಾಸುವ ಟಾರ್ಪಾಲು ಟೆಂಟಿಗಿಂತ ಚಿಕ್ಕದಾಗಿರಲಿ. ಅಂಚು ಹೊರಗೆ ಚಾಚಿಕೊಂಡರೆ ಮೇಲಿನಿಂದ ಇಳಿದ ನೀರೆಲ್ಲ ಅದರ ಮೇಲೆ ಹರಿದು ಬೆನ್ನಡಿಗೆ ಬರುತ್ತದೆ. ಟಾರ್ಪಾಲಿನ ಅಂಚನ್ನು ಒಳಕ್ಕೆ ಮಡಚಿಬಿಡಿ. ಟೆಂಟಿನ ಒಳಗೆ ಮೊದಲು ಫೋಮ್ ಚಾಪೆ, ಮೇಲೆ ರಗ್ಗು. ಹೊದಿಕೆಗಿಂತ ಹಾಸಿಗೆ ಮುಖ್ಯ. ನಿದ್ದೆ ಕೆಡಿಸುವ ತಂಪು ಕೆಳಗಿನ ನೆಲದ್ದು, ಮೇಲೆ ಎಷ್ಟು ಹೊದ್ದರೂ ಅದು ಬಿಡುವುದಿಲ್ಲ. ಒಳಗೆ ಹೋಗುವಾಗ, ಬರುವಾಗ ಜಿಪ್ ಪೂರ್ತಿ ಎಳೆಯಬೇಕು, ಇದು ಮಕ್ಕಳಿಗೂ ಬಾಯಿಪಾಠ. ಹೊರಗಿಟ್ಟ ಚಪ್ಪಲಿ ಕೊಡವಿಯೇ ಮೆಟ್ಟಬೇಕು. ಸೊಳ್ಳೆಗೆ ಓಡೋಮಸ್ ಸಾಕು. ಟೆಂಟಿನೊಳಗೆ ಕಾಯಿಲ್ ಹಚ್ಚುವುದಿಲ್ಲ, ಒಲೆ ಅಂತೂ ಮಳೆ ಬಂದರೂ ಒಳಗೆ ಹಚ್ಚುವುದಿಲ್ಲ. ಮುಚ್ಚಿದ ಜಾಗದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ನೀರು ಮನೆಯಿಂದಲೇ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯ ಅಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢ ಆಗುತ್ತದೆ. ತೋಪಿನ ಪಂಪ್‌ಸೆಟ್ ನೀರು ಕೈಕಾಲು ತೊಳೆಯಲು, ಸ್ನಾನಕ್ಕೆ. ಕುಡಿಯಲು ನಮ್ಮ ಬೀದಿಯ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿದ 20 ಲೀಟರ್ ಕ್ಯಾನುಗಳು. ಜೊತೆಗೆ ಒಂದು ನಲ್ಲಿ ಮುಚ್ಚಳ ಒಯ್ಯುತ್ತೇನೆ, ಕ್ಯಾನ್ ಬಗ್ಗಿಸಿ ಅರ್ಧ ಚೆಲ್ಲುವುದು ತಪ್ಪುತ್ತದೆ.

ಊಟದ ಚಿಂತೆ ಇಲ್ಲ, ಮಠದಲ್ಲಿ ಅನ್ನದಾಸೋಹ ಇದೆ. ನಾವು ಒಯ್ಯುವುದು ಹೊತ್ತಲ್ಲದ ಹಸಿವಿಗೆ ಮಾತ್ರ. ಅದರಲ್ಲಿ ರಾಗಿ ಹುರಿಹಿಟ್ಟು ಮೊದಲು. ಪುಡಿ ಮಾಡಿದ ಬೆಲ್ಲ, ಏಲಕ್ಕಿ, ಒಣಕೊಬ್ಬರಿ ತುರಿ ಮನೆಯಲ್ಲೇ ಬೆರೆಸಿ ಡಬ್ಬಿಗೆ ಹಾಕಿರುತ್ತೇನೆ. ಫ್ಲಾಸ್ಕಿನ ಬಿಸಿನೀರು ಹಾಕಿ ಕಲಸಿ ಉಂಡೆ ಕಟ್ಟಿದರೆ ಆಯಿತು. ಪಾಳಿ ಮುಗಿಸಿ ಬಂದವರು ಒಂದು ಉಂಡೆ ತಿಂದು ಮಲಗಿದರೆ ಬೆಳಗಿನವರೆಗೆ ಹೊಟ್ಟೆ ಸುಮ್ಮನಿರುತ್ತದೆ. ಚಿಕ್ಕ ಗ್ಯಾಸ್ ಒಲೆ ಇರುವುದು ಬಿಸಿನೀರಿಗೆ, ಅತ್ತೆಯ ಕಾಫಿಗೆ ಅಷ್ಟೇ.

ಬಟ್ಟೆ ಕಡಿಮೆ ಸಾಕು, ಕಾಲುಚೀಲ ಮಾತ್ರ ಧಾರಾಳವಾಗಿರಲಿ. ಅತ್ತೆಯ ಬಿಪಿ ಮಾತ್ರೆ, ಜ್ವರದ ಮಾತ್ರೆ, ಬ್ಯಾಂಡೇಜ್ ಒಂದು ಡಬ್ಬಿಯಲ್ಲಿ. ಮಗನ ಜೇಬಲ್ಲಿ ನಮ್ಮಿಬ್ಬರ ಫೋನ್ ನಂಬರ್ ಬರೆದ ಚೀಟಿ. ತಪ್ಪಿಸಿಕೊಂಡರೆ ಎಲ್ಲಿಗೆ ಬಂದು ನಿಲ್ಲಬೇಕು ಅಂತ ಇಳಿದ ಕೂಡಲೇ ಜಾಗ ತೋರಿಸಿರುತ್ತೇವೆ. ಪವರ್ ಬ್ಯಾಂಕ್ ಒಂದೇ. ಫೋನಿನಲ್ಲಿ ಹಾಡು ರೆಕಾರ್ಡ್ ಮಾಡುತ್ತಾ ಕೂರುವುದು ನಮ್ಮ ಮನೆಯಲ್ಲಿ ಇಲ್ಲ. ಕೇಳಿದ್ದು ಯಾವ ರಾಗ, ಯಾವ ಪದ ಅಂತ ಮಗಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಗೊತ್ತಾಗದಿದ್ದರೆ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳುತ್ತಾಳೆ. ಅವರು ಒಂದಕ್ಕೆ ನಾಲ್ಕು ವಿಷಯ ಹೇಳುತ್ತಾರೆ.

ಕಾರಿಗೆ ತುಂಬುವಾಗ ಮಲಗುವವರ ಮೂಟೆ ಒಳಗಡೆಗೆ, ಅದರ ಮೇಲೆ ಟೆಂಟ್, ಎಲ್ಲಕ್ಕಿಂತ ಮುಂದೆ ಪೊರಕೆ ಮತ್ತು ಟಾರ್ಪಾಲು. ಇಳಿದಾಗ ಮೊದಲು ಬೇಕಾಗುವುದು ಅವೇ. ಕೂರುವವರ ಚೀಲ ಡಿಕ್ಕಿಗೆ ಹಾಕುವುದಿಲ್ಲ, ಅತ್ತೆಯ ಕಾಲ ಬಳಿ ಇರುತ್ತದೆ. ನಾವು ಟೆಂಟ್ ಹಾಕುವಾಗಲೇ ಅವರು ಮಗಳನ್ನು ಕರೆದುಕೊಂಡು ಹೋಗಿ ಜಮಖಾನೆ ಹಾಸಿ ಕೂತುಬಿಡುತ್ತಾರೆ.

ವಾಪಸ್ ಬಂದ ದಿನ ಎಷ್ಟೇ ನಿದ್ದೆ ಇದ್ದರೂ ಟೆಂಟ್ ಬಿಚ್ಚಿ ಮಹಡಿ ಮೇಲೆ ಹರಡಲೇಬೇಕು. ತೇವದಲ್ಲೇ ಮಡಿಸಿಟ್ಟರೆ ಬೂಷ್ಟು ಹಿಡಿದು ಬಟ್ಟೆಯ ಒಳಪದರ ಸಿಪ್ಪೆಯಂತೆ ಏಳುತ್ತದೆ, ಆಮೇಲೆ ಅದು ನೀರು ತಡೆಯುವುದಿಲ್ಲ. ಜಿಪ್ಪಿನ ಮಣ್ಣನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜುತ್ತೇನೆ. ಗೂಟಗಳಿಗೆ ಒಂದು ಹನಿ ಎಣ್ಣೆ ಒರೆಸಿ ಗೋಣಿತಾಟಿನಲ್ಲಿ ಸುತ್ತುತ್ತೇವೆ. ಕಂಬಳಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಇಟ್ಟು ಮಡಿಸಿ, ಟ್ರಂಕಿಗೆ ಹಾಕುತ್ತೇವೆ.