ಹಳೇ ಟ್ರ್ಯಾಕ್ಟರ್ ರೇಸ್ ಮಾತು ಕೇಳ್ತಿಲ್ವಾ? ಪಂಪ್ ಬಿಚ್ಚೋ ಮುಂಚೆ ಇಷ್ಟು ನೋಡಿ

ದೊಡ್ಡಬಳ್ಳಾಪುರ, ಆನೇಕಲ್, ಹೊಸಕೋಟೆ ಕಡೆ ಇನ್ನೂ ಹಳೇ ಮ್ಯಾಸ್ಸಿ, ಎಚ್‌ಎಂಟಿ ಟ್ರ್ಯಾಕ್ಟರ್‌ಗಳು ದಿನಾ ಕೆಲಸ ಮಾಡ್ತಾನೇ ಇವೆ. ಅವುಗಳದ್ದು ಒಂದು ಕಾಮನ್ ಕಂಪ್ಲೇಂಟ್, ರೇಸ್, ಅಂದ್ರೆ ಇಂಜಿನ್ ಸ್ಪೀಡ್, ಸರಿಯಾಗಿ ನಿಲ್ಲಲ್ಲ. ಸುಮ್ನೆ ನಿಂತಿದ್ರೂ ವೂಂ ವೂಂ ಅಂತ ಏರೋದು ಇಳಿಯೋದು, ಇಲ್ಲಾ ಲಿವರ್ ಪೂರ್ತಿ ಎಳೆದ್ರೂ ಏರಲ್ಲ, ಇಲ್ಲಾ ಏರಿದ್ದು ಕೆಳಗೆ ಬರಲ್ಲ. ತಕ್ಷಣ ಎಲ್ರೂ ಹೇಳೋದು "ಗವರ್ನರ್ ಹೋಗಿದೆ, ಪಂಪ್ ಇಳಿಸಿ" ಅಂತ. ಪಂಪ್ ಅಂದ್ರೆ ಇಂಜಿನ್‌ಗೆ ಡೀಸೆಲ್ ತಳ್ಳೋ ಇಂಜೆಕ್ಷನ್ ಪಂಪ್, ಗವರ್ನರ್ ಅಂದ್ರೆ ಅದರಲ್ಲಿ ಸ್ಪೀಡ್ ಹಿಡಿತದಲ್ಲಿಡೋ ಭಾಗ. ನನ್ ಪ್ರಕಾರ ಪಂಪ್ ಇಳಿಸೋದು ಕಟ್ಟಕಡೇ ಕೆಲಸ, ಲಿವರ್‌ನಿಂದ ಶುರು ಮಾಡಿ ಪಂಪ್ ಕಡೆ ಬನ್ನಿ.

ಮೊದ್ಲು ಇದು ತಿಳ್ಕೊಳ್ಳಿ. ಡೀಸೆಲ್ ಇಂಜಿನ್ನಲ್ಲಿ ಹ್ಯಾಂಡ್ ಆಕ್ಸಿಲರೇಟರ್ ಎಳೆದಾಗ ನೀವು ನೇರವಾಗಿ ಡೀಸೆಲ್ ಜಾಸ್ತಿ ಮಾಡ್ತಿಲ್ಲ, ಗವರ್ನರ್ ಒಳಗಿರೋ ಸ್ಪ್ರಿಂಗ್ ಬಿಗಿ ಮಾಡ್ತಿದೀರ ಅಷ್ಟೆ. ಇಂಜಿನ್ ತಿರುಗಿದ ಹಾಗೆ ಒಳಗಿನ ತೂಕದ ಗುಂಡುಗಳು ಹೊರಕ್ಕೆ ಅಗಲ ಆಗಿ ಸ್ಪ್ರಿಂಗ್‌ಗೆ ಎದುರಾಗಿ ತಳ್ತವೆ, ಎರಡೂ ಎಲ್ಲಿ ಸಮ ಆಗುತ್ತೋ ಅಲ್ಲಿ ಸ್ಪೀಡ್ ನಿಲ್ಲುತ್ತೆ. ಅದಕ್ಕೇ ನೇಗಿಲು ಭೂಮಿಗೆ ಇಳಿಸಿದಾಗ ರೇಸ್ ಸ್ವಲ್ಪ ಬಿದ್ದು ಆಮೇಲೆ ಹಿಡ್ಕೊಳ್ಳೋದು ರೋಗ ಅಲ್ಲ. ಬಿದ್ದಿದ್ದು ಬಿದ್ದೇ ಹೋದ್ರೆ, ಕಪ್ಪು ಹೊಗೆ ಕೂಡ ಬರದೇ ಸುಸ್ತಾದ್ರೆ, ಸಾಮಾನ್ಯವಾಗಿ ಡೀಸೆಲ್ ಸಾಲ್ತಿಲ್ಲ ಅಂತ ಅರ್ಥ. ಹೊಗೆ ಬರ್ತಿದ್ದೂ ಎಳೀತಿಲ್ಲ ಅಂದ್ರೆ ಏರ್ ಕ್ಲೀನರ್, ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ) ಕಡೆ ನೋಡಿ, ಅದು ಬೇರೆ ಕಥೆ.

ಈಗ ಕೆಲಸಕ್ಕೆ ಬರೋಣ. ಗಾಡಿ ಸಮ ಜಾಗದಲ್ಲಿ ನಿಲ್ಸಿ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಪಿಟಿಓ (ಹಿಂದಿನ ಉಪಕರಣ ತಿರುಗಿಸೋ ಶಾಫ್ಟ್) ಆಫ್. ಇಂಜಿನ್ ಆಫ್ ಇರುವಾಗ್ಲೇ ಒಬ್ರು ಸೀಟ್ ಮೇಲೆ ಕೂತು ಲಿವರ್ ಪೂರ್ತಿ ಎಳೀಲಿ, ನೀವು ಪಂಪ್ ಹತ್ರ ನಿಂತು ನೋಡಿ. ಪಂಪ್ ಮೇಲಿನ ಲಿವರ್ ಮ್ಯಾಕ್ಸಿಮಮ್ ಸ್ಕ್ರೂಗೆ ಹೋಗಿ ತಾಗ್ಬೇಕು. ವಾಪಸ್ ಬಿಟ್ಟಾಗ ಐಡ್ಲಿಂಗ್ ಸ್ಕ್ರೂಗೆ ತಾಗ್ಬೇಕು. ಹಳೇ ಗಾಡೀಲಿ ಇಷ್ಟೇ ಆಗಿರಲ್ಲ, ರಾಡ್ ಬಗ್ಗಿರುತ್ತೆ, ಬಾಲ್ ಜಾಯಿಂಟ್ ಸವೆದಿರುತ್ತೆ, ಕಾಟರ್ ಪಿನ್ ಜಾಗದಲ್ಲಿ ಯಾರೋ ಪುಣ್ಯಾತ್ಮರು ಬೈಂಡಿಂಗ್ ವೈರ್ ಸುತ್ತಿರ್ತಾರೆ. ಎಲ್ಲಾ ಆಟ ಅಲ್ಲೇ ತಿಂದು ಹೋದ್ರೆ ಪಂಪ್‌ಗೆ ಏನು ತಲುಪುತ್ತೆ ಹೇಳಿ. ಇನ್ನೊಂದು, ಲಿವರ್ ಇಟ್ಟ ಕಡೆ ನಿಲ್ಲದೆ ವೈಬ್ರೇಷನ್‌ಗೆ ತಾನೇ ಜಾರ್ತಿದ್ರೆ ಅದರ ಬುಡದಲ್ಲಿರೋ ಫ್ರಿಕ್ಷನ್ ವಾಷರ್, ನಟ್ಟು ಟೈಟ್ ಮಾಡಿದ್ರೆ ಸಾಕು. ಹಾಗೇ ಡೀಸೆಲ್ ಕಟ್ ಮಾಡಿ ಇಂಜಿನ್ ನಿಲ್ಸೋ ಸ್ಟಾಪ್ ಕೇಬಲ್ಲೂ ನೋಡಿ, ಅದು ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೆ ನಿಂತಿದ್ರೆ ಎಷ್ಟು ಎಳೆದ್ರೂ ರೇಸ್ ಏರಲ್ಲ.

ಅನುಮಾನ ತೀರಿಸ್ಕೊಳ್ಳೋಕೆ ಪಂಪ್ ಹತ್ರ ರಾಡ್ ಬಿಚ್ಚಿ, ಸ್ಟಾಪ್ ಕೇಬಲ್ ಕೆಲಸ ಮಾಡ್ತಿದೆ ಅಂತ ಖಾತ್ರಿ ಮಾಡ್ಕೊಂಡು ಸ್ಟಾರ್ಟ್ ಮಾಡಿ, ಪಂಪ್ ಲಿವರ್ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಫ್ಯಾನ್ ಬೆಲ್ಟ್‌ನಿಂದ ಕೈ, ಪಂಚೆ ದೂರ ಇರ್ಲಿ. ಆಗ ಇಂಜಿನ್ ಚೆನ್ನಾಗಿ ಏರಿ ಇಳಿದ್ರೆ ತೊಂದ್ರೆ ರಾಡ್‌ದು, ಪಂಪ್‌ದಲ್ಲ.

ಏರಿಳಿತ ಇದ್ರೆ ನನ್ ಮೊದಲ ಅನುಮಾನ ಡೀಸೆಲ್ ಪೈಪಿಗೆ ಸೇರ್ಕೊಂಡ ಏರ್ (ಗಾಳಿ) ಮೇಲೆ. ಟ್ಯಾಂಕ್‌ನಿಂದ ಡೀಸೆಲ್ ಎಳ್ಕೊಳ್ಳೋ ಫೀಡ್ ಪಂಪ್‌ವರೆಗಿನ ಪೈಪಲ್ಲಿ ಲೀಕ್ ಇದ್ರೆ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕು ಅಂತೇನಿಲ್ಲ, ಇಂಜಿನ್ ಓಡುವಾಗ ಗಾಳಿ ಒಳಗೆ ಎಳ್ಕೊಳ್ಳುತ್ತೆ, ಹಂಗಾಗಿ ಹೊರಗಿಂದ ನೋಡಿದ್ರೆ ಎಲ್ಲಾ ಒಣಗಿ ನೀಟಾಗೇ ಕಾಣುತ್ತೆ. ಪೈಪ್ ತುದಿ ಕೂರಿಸೋ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿ, ಬಿರುಕು ಬಿಟ್ಟ ಪೈಪ್ ಬದಲಾಯಿಸಿ, ಫಿಲ್ಟರ್ ಹಳೇದಾಗಿದ್ರೆ ಎಸೀರಿ. ಟ್ಯಾಂಕ್ ಮುಚ್ಚಳದ ಸಣ್ಣ ತೂತು ಧೂಳಿಂದ ಮುಚ್ಚಿದ್ರೂ ಸ್ವಲ್ಪ ಹೊತ್ತು ಓಡಿ ಆಮೇಲೆ ರೇಸ್ ಬೀಳುತ್ತೆ, ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ಏರ್ ತೆಗೀಬೇಕು: ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಕೈ ಪಂಪ್ ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಟೈಟ್ ಮಾಡಿ, ಆಮೇಲೆ ಪಂಪ್ ಮೇಲಿನ ಸ್ಕ್ರೂಗೂ ಅದೇ. ಇಂಜಿನ್ ಓಡುವಾಗ ನಾಝಲ್ ಪೈಪ್ ಲೀಕ್ ಇದ್ಯಾ ಅಂತ ಬೆರಳಿಟ್ಟು ನೋಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಆ ಪ್ರೆಶರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೋದ್ರೆ ನೋವಿಲ್ದಿದ್ರೂ ಸೀದಾ ಆಸ್ಪತ್ರೆಗೆ ಹೋಗ್ಬೇಕು.

ಕೆಲವು ಹಳೇ ಪಂಪಲ್ಲಿ ಗುಂಡುಗಳ ಗವರ್ನರ್ ಇರಲ್ಲ, ಗಾಳಿ ಎಳೆತದ ಮೇಲೆ ನಡೆಯೋ ಡಯಾಫ್ರಮ್ (ತೆಳು ಪರದೆ) ಗವರ್ನರ್ ಇರುತ್ತೆ. ಇನ್‌ಟೇಕ್‌ನಿಂದ ಪಂಪಿನ ಹಿಂಭಾಗಕ್ಕೆ ಒಂದು ಸಣ್ಣ ಪೈಪ್ ಹೋಗಿದ್ರೆ ನಿಮ್ದು ಅದೇ. ಆ ಪೈಪ್ ಸೀಳಿದ್ರೆ ಅಥವಾ ಡಯಾಫ್ರಮ್ ಹರಿದ್ರೆ ಸ್ಪ್ರಿಂಗ್, ಡೀಸೆಲ್ ಅಳತೆ ಹೆಚ್ಚು ಕಡಿಮೆ ಮಾಡೋ ರ‍್ಯಾಕನ್ನ ಪೂರ್ತಿ ಡೀಸೆಲ್ ಕಡೆಗೆ ತಳ್ಳಿ ಇಂಜಿನ್ ಹುಚ್ಚೆದ್ದು ಏರುತ್ತೆ. ಚೆಕ್ ಮಾಡೋದು ಸುಲಭ: ಇಂಜಿನ್ ಆಫ್ ಮಾಡಿ, ಪೈಪ್ ಬಿಚ್ಚಿ, ಸ್ಟಾಪ್ ಲಿವರ್ ಸ್ಟಾಪ್ ಕಡೆ ಹಿಡ್ಕೊಂಡು ತೂತಿಗೆ ಬೆರಳು ಒತ್ತಿ, ಈಗ ಲಿವರ್ ಬಿಡಿ. ಸ್ವಲ್ಪ ಬಂದು ಮಧ್ಯೆ ತಡೆದು ನಿಧಾನ ಆದ್ರೆ ಡಯಾಫ್ರಮ್ ಚೆನ್ನಾಗಿದೆ, ಸರ್ರಂತ ಪೂರ್ತಿ ವಾಪಸ್ ಬಂದ್ರೆ ಹರಿದಿದೆ.

ರೇಸ್ ಕೈ ಮೀರಿ ಏರ್ತಾನೇ ಹೋದ್ರೆ ಸ್ಟಾಪ್ ಎಳೀರಿ, ನಿಲ್ಲದಿದ್ರೆ ಏರ್ ಕ್ಲೀನರ್ ಬಾಯಿಗೆ ದಪ್ಪ ಹಲಗೆ ಒತ್ತಿ ಗಾಳಿ ಕಟ್ ಮಾಡಿ, ಅಂಗೈ ಮಾತ್ರ ಇಡ್ಬೇಡಿ. ಡೀಸೆಲ್ ನಿಲ್ಸಿದ್ರೂ ಓಡ್ತಿದ್ರೆ ಆಯಿಲ್ ಕುಡೀತಿದೆ ಅಂತ ಅರ್ಥ. ಆಯಿಲ್ ಬಾತ್ ಏರ್ ಕ್ಲೀನರ್ ಬಟ್ಟಲಲ್ಲಿ ಗೆರೆ ದಾಟಿ ಆಯಿಲ್ ತುಂಬಿದ್ರೂ ಹೀಗಾಗಬಹುದು.

ಇಷ್ಟೆಲ್ಲಾ ನೋಡಿದ ಮೇಲೂ ಅದೇ ಪಾಡು ಅಂದ್ರೆ ಪಂಪ್ ಒಳಗೇ ತೊಂದ್ರೆ. ನೀರು ಬೆರೆತ ಡೀಸೆಲ್‌ನಲ್ಲಿ ಬಹಳ ದಿನ ನಿಂತ ಗಾಡಿಗೆ ರ‍್ಯಾಕ್ ತುಕ್ಕು ಹಿಡಿದು ಅಂಟಿರುತ್ತೆ. ಸಿಲಿಂಡರ್‌ಗೊಂದರಂತೆ ಒಳಪಂಪ್ ಸಾಲಾಗಿರೋ ಇನ್‌ಲೈನ್ ಪಂಪ್‌ಗೆ ಬೇರೆ ಆಯಿಲ್ ಇದ್ರೆ ಅದರ ಲೆವೆಲ್ ನೋಡಿ, ಏರಿ ನೀರಿನ ಥರ ತೆಳ್ಳಗಾಗಿದ್ರೆ ಡೀಸೆಲ್ ಒಳಗೆ ಇಳೀತಿದೆ. ಮ್ಯಾಕ್ಸಿಮಮ್ ಸ್ಕ್ರೂ ಸೀಲ್ ಮಾತ್ರ ಒಡೀಬೇಡಿ, ರೋಟವೇಟರ್‌ಗೆ ಪವರ್ ಬರ್ಲಿ ಅಂತ ಅದನ್ನ ತಿರುಗಿಸಿದ್ರೆ ಇಂಜಿನ್ ಮಿತಿ ಮೀರಿ ತಿರುಗುತ್ತೆ, ನಿಮಿಷಕ್ಕೆ 540 ಸುತ್ತಿನ ಪಿಟಿಓ ಶಾಫ್ಟಿಗೂ ಅದೇ ಗತಿ.

ಪಂಪ್ ಓಡಿಸಿ ಅಳತೆ ನೋಡೋ ಟೆಸ್ಟ್ ಬೆಂಚ್ ಇರೋ ಅಂಗಡಿಗೇ ಕೊಡಿ. ಈ ಪಂಪ್ ಮಾಡ್ತಿದ್ದ ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಆಗಿ ವರ್ಷಗಳೇ ಆದ್ರೂ ನಮ್ಮ ಕಡೆ ಅದು ಇನ್ನೂ ಮೈಕೋ ಪಂಪೇ, ಬಿಡಿಭಾಗ ಜೆ.ಸಿ. ರೋಡ್ ಕಡೆ ಹುಡುಕಬಹುದು, ಹೋಗುವಾಗ ಪಂಪ್ ಪ್ಲೇಟಿನ ಮೇಲಿನ ನಂಬರ್ ಫೋಟೋ ಇರ್ಲಿ. ಬಿಚ್ಚೋ ಮುಂಚೆ ಟೈಮಿಂಗ್ ಗುರುತು ನೋಡ್ಕೊಳ್ಳಿ, ಇಲ್ದಿದ್ರೆ ಪಂಪ್ ಮೇಲೂ ಇಂಜಿನ್ ಮೇಲೂ ಸೇರಿಸಿ ನೀವೇ ಒಂದು ಗೆರೆ ಗೀರಿ. ಬಿಚ್ಚಿದ ಪೈಪ್ ಬಾಯಿಗಳಿಗೆಲ್ಲ ಆಗಿಂದಾಗ್ಗೆ ಕ್ಲೀನ್ ಪ್ಲಾಸ್ಟಿಕ್ ಕಟ್ಟಿಬಿಡಿ, ಹೊಲದ ಧೂಳು ಒಂದು ಚಿಟಿಕೆ ಒಳಗೆ ಹೋದ್ರೂ ನಾಝಲ್ ಖರ್ಚು ಬೇರೆ.