ಗೆರಟೆಯಲ್ಲಿ ನಾಣ್ಯ: ಸಂಜೆಯ ಚಾಯವನ್ನು ಪರೀಕ್ಷಿಸುವ ಬಗೆ

ಸಂಜೆ ಆರರ ಚಾಯ ರಾತ್ರಿಯ ನಿದ್ದೆ ಕೆಡಿಸಿ ಮರುದಿನ ತಲೆ ಮಂಕಾಗಿಸುತ್ತದೆಯೇ? ಊರವರ ಅನುಭವ ಬೇಡ, ನಿಮ್ಮ ದೇಹದ ಉತ್ತರವೇ ಬೇಕೆಂದಿದ್ದರೆ 14 ದಿನದ ಪ್ರಯೋಗ ಸಾಕು. ಬೇಕಾದದ್ದು ನೋಟ್ ಪುಸ್ತಕ, ಒಂದು ರೂಪಾಯಿ ನಾಣ್ಯ, ಒಂದು ತೆಂಗಿನ ಗೆರಟೆ.

ದೇಹವೂ ಪ್ರಕೃತಿಯ ನಿಯಮದಂತೆಯೇ ನಡೆಯುವುದಲ್ಲವೇ, ನೇರವಾಗಿ ಲೆಕ್ಕ ಹಾಕಬಾರದೇ ಎನ್ನಬಹುದು. ಈ ಕ್ಷಣದ ಎಲ್ಲ ಬಲ, ಎಲ್ಲ ಸ್ಥಾನ ತಿಳಿದ ಬುದ್ಧಿಗೆ ನಾಳೆಯೂ ನಿನ್ನೆಯಷ್ಟೇ ಸ್ಪಷ್ಟ ಎಂದು ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಬರೆದ. ಆದರೆ ನಿಯಮ ಗೊತ್ತಿದ್ದರಷ್ಟೇ ಸಾಲದು, ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು ನೋಡಿ. 0.3 ಒತ್ತಿ, 1ರಿಂದ ಅದನ್ನು ಕಳೆದರೆ ಬರುವ 0.7ರಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ: 0.84. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡುತ್ತ ಹೋಗಿ, ನಡುವೆ ದಶಮಾಂಶಗಳನ್ನು ಕತ್ತರಿಸದೆ. ಹತ್ತನೆಯ ಸಲಕ್ಕೆ 0.043 ಬರುತ್ತದೆ. ಈಗ 0.301ರಿಂದ ಶುರುಮಾಡಿ. ಮೂರು ಸಲದವರೆಗೆ ಎರಡೂ ಜೊತೆಜೊತೆಗೇ ನಡೆದು, ಹತ್ತನೆಯ ಸಲಕ್ಕೆ 0.620! ಇಲ್ಲಿ ಅದೃಷ್ಟದ ಮಾತೇ ಇಲ್ಲ, ನಿಯಮ ಕಟ್ಟುನಿಟ್ಟು. ಆದರೂ ಸಾವಿರದಲ್ಲಿ ಒಂದರಷ್ಟು ವ್ಯತ್ಯಾಸ ಉತ್ತರವನ್ನೇ ತಿರುಗಿಸಿತು. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕದಲ್ಲಿ 0.506127ರ ಬದಲು 0.506 ಹಾಕಿದಾಗ ಕಂಡದ್ದೂ ಇದೇ. ದೇಹದ ಒಳಗಿನ ಅಂಕಿಗಳು ಅಷ್ಟು ನಿಖರವಾಗಿ ಯಾರ ಕೈಗೂ ಸಿಗುವುದಿಲ್ಲ. ಹಾಗಾಗಿ ಲೆಕ್ಕ ಬಿಟ್ಟು ಪ್ರಯೋಗ.

ಪ್ರಯೋಗವೆಂದರೆ ಇಷ್ಟೇ: 14 ಸಂಜೆಗಳನ್ನು ಎರಡೆರಡಾಗಿ ಏಳು ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಒಂದು ಸಂಜೆ ಚಾಯ, ಇನ್ನೊಂದು ಸಂಜೆ ಕೊತ್ತಂಬರಿ-ಜೀರಿಗೆ ಕಷಾಯ. ಎರಡಕ್ಕೂ ಅದೇ ಲೋಟ, ಅಷ್ಟೇ ಹಾಲು, ಅಷ್ಟೇ ಬೆಲ್ಲ. ಯಾವುದು ಮೊದಲು ಎಂಬುದನ್ನು ನಾಣ್ಯ ಹೇಳಲಿ: ಸಿಂಹ ಬಿದ್ದರೆ ಚಾಯ ಮೊದಲು, ಅಂಕಿ ಬಿದ್ದರೆ ಕಷಾಯ. ಏಳು ಜೋಡಿಗೂ ಮೊದಲ ದಿನವೇ ಹಾಕಿ ಬರೆದಿಟ್ಟುಬಿಡಿ.

ನೀವೇ ಆಯ್ದರೆ ಏನಾಗುತ್ತದೆ? ತೋಟದಲ್ಲಿ ದಣಿದ ಸಂಜೆ ಕೈ ತಾನಾಗಿ ಚಾಯದ ಕಡೆಗೆ ಹೋಗುತ್ತದೆ. ದಣಿದ ರಾತ್ರಿ ನಿದ್ದೆಯೂ ಬೇರೆಯೇ. ಆಮೇಲೆ ಕಂಡ ವ್ಯತ್ಯಾಸ ಚಾಯದ್ದೋ ದಣಿವಿನದೋ ಬಿಡಿಸಲಾಗದು. ನಾಣ್ಯವೂ ಭೌತಶಾಸ್ತ್ರದ ನಿಯಮದಂತೆಯೇ ಬೀಳುತ್ತದೆ, ನಿಜ. ಆದರೆ ಅದು ಬೀಳುವ ಕಾರಣಕ್ಕೂ ನಿಮ್ಮ ನಿದ್ದೆಯ ಕಾರಣಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದದ್ದು ಅಷ್ಟೇ. ಎಲ್ಲವೂ ಹಣೆಬರಹವೇ ಆಗಿದ್ದರೂ ಪ್ರಯೋಗ ಕೆಡುವುದಿಲ್ಲ. ಹೆಬ್ಬೆರಳಿನಿಂದ ಚಿಮ್ಮಿ ಕೈಯಲ್ಲಿ ಹಿಡಿದ ನಾಣ್ಯ ಮೊದಲು ಮೇಲಿದ್ದ ಮುಖಕ್ಕೇ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 51 ಎಂದು ಗಣಿತಜ್ಞ ಪರ್ಸಿ ಡಯಾಕೊನಿಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದಾರೆ. ಅದಕ್ಕೇ ಗೆರಟೆ: ಒಳಗೆ ಹಾಕಿ ಚೆನ್ನಾಗಿ ಕುಲುಕಿ ಮಗುಚಿ.

ಅಳೆಯುವುದು ಬೆಳಿಗ್ಗೆ, ಎದ್ದ ಅರ್ಧ ಗಂಟೆಯೊಳಗೆ, ಬೆಳಗಿನ ಚಾಯಕ್ಕೆ ಮೊದಲು. 400ರಿಂದ 900ರ ನಡುವಿನ ಒಂದು ಸಂಖ್ಯೆಯಿಂದ ಒಂದು ನಿಮಿಷ ಏಳೇಳು ಕಳೆಯುತ್ತ ಬರೆಯಿರಿ. ಸಂಖ್ಯೆ ದಿನವೂ ಬೇರೆಯಾಗಿರಲಿ. ಸರಿಯಾದ ಕಳೆತಗಳನ್ನು ಎಣಿಸಿ. ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪೆಂದು ಹಿಡಿಯಬೇಡಿ. ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿಗೇ ಹೋಲಿಸಿ. 'ನಿದ್ದೆ ಚೆನ್ನಾಗಿತ್ತೇ' ಎಂದು ಅಂಕ ಕೊಟ್ಟುಕೊಳ್ಳುವುದು ಸುಲಭ, ಆದರೆ ಚಾಯ ಕುಡಿದದ್ದು ನಾಲಗೆಗೆ ಗೊತ್ತು, ಅಂಕ ಆ ಕಡೆಗೇ ವಾಲುತ್ತದೆ. ಕಳೆತ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಅಭ್ಯಾಸದಿಂದ ವೇಗ ಏರುತ್ತದೆ, ಆದ್ದರಿಂದ ಪ್ರಯೋಗಕ್ಕೆ ಮೊದಲು ಐದು ದಿನ ಸುಮ್ಮನೆ ಮಾಡಿ. ಆಮೇಲಿನ ಏರಿಕೆಯ ತೊಂದರೆಯನ್ನು ಪಕ್ಕಪಕ್ಕದ ದಿನಗಳ ಜೋಡಿಯೂ ನಾಣ್ಯವೂ ತಗ್ಗಿಸುತ್ತವೆ.

ಬೆಳಗಿನ ಚಾಯ ಬಿಡಬೇಡಿ. ಚಾಯದಲ್ಲಿರುವ ಉತ್ತೇಜಕವಾದ ಕೆಫೀನ್ ಥಟ್ಟನೆ ನಿಂತರೆ ಕೆಲವು ದಿನ ತಲೆನೋವು ಬಂದು ಅಳತೆಯೇ ಹಾಳು. ರಾತ್ರಿಯಿಡೀ ಯಕ್ಷಗಾನ ನೋಡಿದ್ದರೆ, ಮದುವೆಮನೆಯಲ್ಲಿ ಉಳಿದಿದ್ದರೆ, ಮಳೆಗೆ ಕರೆಂಟ್ ಹೋಗಿ ಸೊಳ್ಳೆ ಕಾಟವಾಗಿದ್ದರೆ ಆ ಜೋಡಿಯನ್ನೇ ಬಿಟ್ಟು ಹೊಸದು ಸೇರಿಸಿ; ಆದರೆ ಈ ತೀರ್ಮಾನ ಬೆಳಗಿನ ಅಂಕ ನೋಡುವ ಮೊದಲೇ ಆಗಿರಬೇಕು. ಎಲೆ-ಅಡಿಕೆ ಹಾಕುವವರು ಗಮನಿಸಿ: ಅಡಿಕೆಯ ಅರೆಕೊಲಿನ್ ಕೂಡ ಉತ್ತೇಜಕ. ಆ ಸಂಜೆಗಳಲ್ಲಿ ಅದು ಬೇಡ.

ಕೊನೆಯಲ್ಲಿ ಎಷ್ಟು ಜೋಡಿಗಳಲ್ಲಿ ಕಷಾಯದ ಮರುದಿನ ಗೆದ್ದಿದೆ ಎಂದು ಎಣಿಸಿ; ಸಮವಾದ ಜೋಡಿ ಬಂದರೆ ಅದರ ಬದಲು ಇನ್ನೊಂದು. ಚಾಯದಿಂದ ಏನೂ ಆಗದಿದ್ದರೂ ಏಳಕ್ಕೆ ಏಳು ಗೆಲ್ಲುವ ಸಾಧ್ಯತೆ 128ರಲ್ಲಿ 1, ಆರು ಅಥವಾ ಹೆಚ್ಚು ಗೆಲ್ಲುವುದು 16ರಲ್ಲಿ 1, ಐದು ಅಥವಾ ಹೆಚ್ಚು 128ರಲ್ಲಿ 29. ಅಂದರೆ ಐದು ಬಂದರೆ ಏನೂ ಹೇಳುವಂತಿಲ್ಲ. ಆರು ಬಂದರೆ ಇನ್ನೊಂದು ಏಳು ಜೋಡಿ ಹೊಸದಾಗಿ ನಡೆಸಿ. ಬೇಕಾದ ಉತ್ತರ ಬಂದ ದಿನ ನಿಲ್ಲಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಅಪಸ್ಮಾರದ ಮಾತ್ರೆಗಳ ಮೇಲೆ ನಾಣ್ಯ ಹಾಕಲೇಬಾರದು. ಮಾತ್ರೆ ಬಿಟ್ಟು ಉಳಿದ ಎಲ್ಲದಕ್ಕೂ ದಿನದ ಜೋಡಿ ಹೊಂದುತ್ತದೆ ಎಂದಲ್ಲ. ಕೆಫೀನ್ ಸುಮಾರು ಐದು ಗಂಟೆಗೊಮ್ಮೆ ಅರ್ಧವಾಗುತ್ತದೆ. ಮರುದಿನ ಸಂಜೆಗೆ 28ರಲ್ಲಿ ಒಂದು ಪಾಲು ಮಾತ್ರ ಉಳಿಯುವುದರಿಂದ ಇಲ್ಲಿ ನಡೆಯಿತು. ಬೆಳಗಿನ ನಡಿಗೆಯ ಪರಿಣಾಮ ಹಾಗೆ ಒಂದು ದಿನಕ್ಕೆ ಅಳಿಯದು. ಅದಕ್ಕೆ ವಾರಗಳ ಜೋಡಿ ಮಾಡಿ, ಪ್ರತಿ ವಾರದ ಮೊದಲ ಮೂರು ದಿನದ ಅಂಕ ಬಿಟ್ಟು ಉಳಿದ ನಾಲ್ಕು ದಿನದ ಸರಾಸರಿ ಹಿಡಿಯಿರಿ. ಒಟ್ಟು 14 ವಾರ.